ಮಳೆಗಾಲದಲ್ಲಿ ಶೌಚದ ಅಭ್ಯಾಸ ತಪ್ಪುವ ನಾಯಿಮರಿ

ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಮುಂಡಾಜೆಯಲ್ಲಿಯೂ ಅದರ ನೆರೆಯ ಊರುಗಳಲ್ಲಿಯೂ ನಾಯಿ ಇಲ್ಲದ ತೋಟದ ಮನೆಯನ್ನು ಕಾಣುವುದು ಅಪೂರ್ವ. ಇಲ್ಲಿಯ ಮನೆಗಳು ಕೇರಿಕಟ್ಟಿಕೊಂಡು ಇರತಕ್ಕವಲ್ಲ. ಒಂದಕ್ಕೊಂದು ದೂರವಾಗಿ, ತಂತಮ್ಮ ಅಡಿಕೆತೋಟದ ಮಗ್ಗುಲಲ್ಲಿ ನಿಂತಿರುವವು. ರಾತ್ರಿ ಕಾಡುಹಂದಿಯ ಸುಳಿವನ್ನೂ, ಹಗಲು ಮಂಗಗಳ ದಂಡನ್ನೂ, ಅಪರಿಚಿತರ ಬರವನ್ನೂ ಮನೆಯವರಿಗೆ ಮೊದಲು ತಿಳಿಸುವ ಪ್ರಾಣಿ ನಾಯಿಯೇ. ಹಸು ಎಮ್ಮೆಗಳ ಪಾಲನೆಯ ವಿಷಯವಾಗಿ ಬೇಕಾದಷ್ಟು ಉಪದೇಶಗಳು ಪ್ರಕಟವಾಗುತ್ತಲಿರುವಾಗ ನಾಯಿಯ ವಿಷಯದಲ್ಲಿಯೂ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದು.

ಈ ಭಾಗದ ಮನೆಗಳಲ್ಲಿ ವರ್ಷವರ್ಷವೂ ಕಾಣಬರುವ ಸಂಗತಿಯೊಂದುಂಟು. ಮಾಘ ಫಾಲ್ಗುಣದ ಸುಮಾರಿಗೆ ಮರಿಯೊಂದನ್ನು ತರುತ್ತಾರೆ. ಮಕ್ಕಳು ಅದನ್ನು ಆಡಿಸುತ್ತಾರೆ; ಮನೆಯೊಡತಿಯು ಹೊತ್ತು ಹೊತ್ತಿಗೆ ಅಂಗಳಕ್ಕೆ ಅಟ್ಟುತ್ತಾಳೆ. ಏಪ್ರಿಲ್ ತಿಂಗಳಾಗುವಾಗ ಅದು ಜಗಲಿಯ ಮೇಲೆಯೂ ಚಾವಡಿಯಲ್ಲಿಯೂ ಹೇಸಿಗೆ ಮಾಡುವುದನ್ನು ಬಿಟ್ಟು ಅಂಗಳದ ಅಂಚಿಗೆ ಹೋಗಲು ಕಲಿತಿರುತ್ತದೆ. ಮನೆಯವರು ನಿಶ್ಚಿಂತರಾಗುತ್ತಾರೆ. ಜೂನ್ ಬಂದು ಮಳೆ ಹಿಡಿದ ಎರಡನೆಯ ವಾರಕ್ಕೆ ಅದೇ ನಾಯಿ ಚಾವಡಿಯ ಮೂಲೆಯಲ್ಲಿ, ಕಟ್ಟಿಗೆಯ ಕೊಟ್ಟಿಗೆಯಲ್ಲಿ, ಒಮ್ಮೊಮ್ಮೆ ಸುಲಿದ ಅಡಿಕೆಯ ಗೋಣಿಯ ಮೇಲೆಯೇ ಮೂತ್ರ ಮಾಡುತ್ತದೆ. ಕಲಿತದ್ದನ್ನು ಬೇಕೆಂದೇ ಮರೆತಿದೆ, ಹಟ ಸಾಧಿಸುತ್ತಿದೆ ಎಂಬುದು ಮನೆಯವರ ತೀರ್ಮಾನ. ಮೊದಲು ಬೈಗಳು, ಬಳಿಕ ಬೆತ್ತ, ಕಡೆಗೆ ಒಂದು ಮುಂಜಾವ ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಅಥವಾ ಹೆದ್ದಾರಿಯ ಬದಿಯಲ್ಲಿ ಬಿಟ್ಟುಬರುವುದು.

ಹೀಗೆ ಬಿಟ್ಟ ನಾಯಿ ಊರಿನಿಂದ ಮಾಯವಾಯಿತೆಂದು ತಿಳಿಯಬಾರದು. ಲಾರಿಗೋ ಚಿರತೆಗೋ ಬಲಿಯಾಗದೆ ಉಳಿದುದು ಪೇಟೆಯ ಬೀದಿನಾಯಿಗಳ ಹಿಂಡನ್ನು ಸೇರುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಇಲ್ಲದೆ ತಿರುಗುತ್ತದೆ. ವರ್ಷ ಕಳೆಯುವುದರೊಳಗೆ ಮರಿಹಾಕುತ್ತದೆ. ಹಸಿವು ಬಾಯಾರಿಕೆಗಳಿಂದ ನರಳಬಹುದಾದ ಸ್ಥಿತಿಯಲ್ಲಿ ಪ್ರಾಣಿಯನ್ನು ನ್ಯಾಯವಾದ ಕಾರಣವಿಲ್ಲದೆ ತೊರೆಯುವುದು ಪ್ರಾಣಿಗಳಿಗೆ ಕ್ರೌರ್ಯ ತಡೆಗಟ್ಟುವ ೧೯೬೦ರ ಅಧಿನಿಯಮದ ೧೧ನೆಯ ಕಲಮಿನಂತೆ ಅಪರಾಧವೂ ಹೌದು. ಆದುದರಿಂದ ಊರ ಮುಖಂಡರು ಇದನ್ನು ಒಂದು ಮನೆಯ ಒಳಗಣ ಕಿರುಕುಳವೆಂದು ಬದಿಗೆ ತಳ್ಳತಕ್ಕದ್ದಲ್ಲ. ಹದಿನೈದು ದಿನಗಳ ಎಚ್ಚರಿಕೆಯಿಂದ ಸರಿಹೋಗಬಹುದಾದ ದೋಷಕ್ಕಾಗಿಯೇ ಅನೇಕ ಒಳ್ಳೆಯ ನಾಯಿಗಳು ಹಾಳಾಗುತ್ತಿರುವವು.

ಜೂನ್ ತಿಂಗಳಲ್ಲಿಯೇ ಏಕೆ?

ನಮ್ಮ ದೇಶದ ಊರನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಯಲ್ಲಿ ಬೆದೆಗೆ ಬರುತ್ತವೆ. ಗರ್ಭಕಾಲವು ಸುಮಾರು ೬೩ ದಿನಗಳು. ಆದಕಾರಣ ಬಹುಪಾಲು ಮರಿಗಳು ನವೆಂಬರಿನಿಂದ ಜನವರಿಯೊಳಗೆ ಹುಟ್ಟುವವು. ಎರಡು ತಿಂಗಳು ತುಂಬಿದ ಮರಿಯನ್ನು ಮನೆಗೆ ತರುವಾಗ ಬಿಸಿಲುಕಾಲ. ಅಂಗಳವು ಒಣಗಿ ಗಟ್ಟಿಯಾಗಿರುತ್ತದೆ. ಅದೇ ಮರಿ ಆರೇಳು ತಿಂಗಳಿನದಾಗಿ ಪ್ರಾಯಕ್ಕೆ ಕಾಲಿಡುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಗುತ್ತದೆ. ಪ್ರಾಯಕ್ಕೆ ಬರುವ ನಾಯಿಯು ಯಾವ ದೇಶದಲ್ಲಾದರೂ ಕಲಿತ ಪಾಠದಲ್ಲಿ ಸ್ವಲ್ಪ ಜಾರುವುದುಂಟು. ಇಲ್ಲಿಯಾದರೋ ಆ ವಯಸ್ಸಿನ ಚಂಚಲತೆಯೂ ಆಕಾಶದ ನೀರೂ ಒಟ್ಟಾಗಿ ಬರುವವು. ಬೆಳ್ತಂಗಡಿ ತಾಲೂಕಿನಲ್ಲಿ ವರ್ಷಕ್ಕೆ ಸಾಧಾರಣವಾಗಿ ೪೦೦೦ ಮಿಲ್ಲಿಮೀಟರಿಗೂ ಮಿಕ್ಕಿ ಮಳೆಯಾಗುವುದು. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೇ ಬೀಳುವುದು. ಬಯಲುಸೀಮೆಯ ಮುಧೋಳದಿಂದ ಬೇಟೆನಾಯಿಯ ಮರಿ ತರಿಸಿದವರು ಈ ವಿಷಯದಲ್ಲಿ ಇಮ್ಮಡಿ ಎಚ್ಚರವಾಗಿರಬೇಕು. ಅಂತಹ ಮಳೆ ಆ ಮರಿಯ ತಾಯಿಯೂ ಕಂಡದ್ದಲ್ಲ.

ಇನ್ನು ನಾಯಿಯು ಕಲಿತದ್ದಾದರೂ ಏನೆಂಬುದನ್ನು ನೋಡಬೇಕು. ಅಮೇರಿಕದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಅನೇಕ ವರ್ಷಗಳ ಕಾಲ ನಾಯಿಮರಿಗಳ ನಡತೆಯನ್ನು ಪರೀಕ್ಷಿಸಿ ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿದುಬರುವುದೇನೆಂದರೆ, ಮೂರು ವಾರದ ಸುಮಾರಿಗೆ ಮರಿಯು ತಾನು ಮಲಗುವ ಎಡೆಯನ್ನು ಬಿಟ್ಟು ಬೇರೆಡೆಗೆ ಹೋಗಿ ಮಲಮೂತ್ರ ಮಾಡಲು ತೊಡಗುತ್ತದೆ. ಎಂಟೂವರೆ ವಾರದ ಹೊತ್ತಿಗೆ ಅದಕ್ಕೆ ಇಂತಹದೇ ಸ್ಥಳ ಎಂಬ ಆಯ್ಕೆ ಹುಟ್ಟುತ್ತದೆ. ಆ ಆಯ್ಕೆಯು ಕಾಲಿಗೆ ತಗಲುವ ನೆಲ ಮತ್ತು ಮೂಗಿಗೆ ತಗಲುವ ವಾಸನೆ ಇವೆರಡರಿಂದ ಆದುದು. ‘ಮನೆಯ ಹೊರಗೆ’ ಎಂಬ ಭಾವನೆ ಮನುಷ್ಯನದು. ನಾಯಿ ಕಲಿತದ್ದು ‘ಒಣಗಿದ ಮಣ್ಣು, ಹಳೆಯ ಗುರುತಿನ ವಾಸನೆ’ ಇಷ್ಟನ್ನೇ.

ಮಳೆ ಬಂದಾಗ ಏನಾಗುತ್ತದೆ? ಅಂಗಳದ ಮಣ್ಣು ನೀರಿನ ಕೆಳಗೆ ಹೋಗುವುದು. ಪಾಚಿಯಲ್ಲಿ ಕಾಲು ಜಾರದಂತೆ ಮನೆಯವರು ಅದರ ಮೇಲೆ ಅಡಿಕೆಸೋಗೆಯನ್ನು ಹಾಸುವರು. ಗುರುತಿನ ವಾಸನೆ ತೊಳೆದುಹೋಗುವುದು. ಅಂಚಿಗೆ ಹೋದರೆ ಜಿಗಣೆ ಹತ್ತುವುದು. ನಾಯಿಯ ಲೆಕ್ಕದಲ್ಲಿ ಅದರ ಶೌಚದ ಸ್ಥಳವೇ ಊರುಬಿಟ್ಟು ಹೋಯಿತು. ಒಣಗಿದ ನೆಲವಾಗಿ ಉಳಿದುದು ಚಾವಡಿಯೊಂದೇ. ಅದು ಚಾವಡಿಯ ಮೂಲೆಯನ್ನು ಆರಿಸಿಕೊಂಡದ್ದು ಹಟದಿಂದಲ್ಲ, ಕಲಿತ ಪಾಠವನ್ನು ತನಗೆ ತಿಳಿದಂತೆ ಪಾಲಿಸಿದುದರಿಂದ.

ಇದೇ ದಿನಗಳಲ್ಲಿ ಮನೆಯವರಿಗೂ ಬಿಡುವಿರುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸವು ಮಳೆಯ ಎಡೆಯಲ್ಲಿ ಬಿಸಿಲು ಸಿಕ್ಕ ಗಳಿಗೆಯಲ್ಲಿ ನಡೆಯಬೇಕಾದುದು. ಮರಿಯು ಬಾಗಿಲ ಬಳಿ ಸುಳಿದಾಡಿ ಕುಂಯ್‌ಗುಟ್ಟುವುದನ್ನು ಆಗ ಯಾರೂ ಲಕ್ಷಿಸುವುದಿಲ್ಲ. (ಮೈಲುತುತ್ತು ಕಲಸಿದ ಪಾತ್ರೆಯ ಬಳಿಗೆ ಮರಿ ಹೋಗದಂತೆ ಕಟ್ಟಿಹಾಕುವುದನ್ನು ಮಾತ್ರ ಮರೆಯಬಾರದು, ನೆಕ್ಕಿದರೆ ವಿಷವಾಗುವುದು.)

ರಾತ್ರಿಯ ತೊಂದರೆಗೆ ಬೇರೆ ಕಾರಣಗಳುಂಟು. ಚಿರತೆಯ ಭಯದಿಂದ ಈ ಭಾಗದವರು ಎಳೆಯ ನಾಯಿಯನ್ನು ಮುಚ್ಚಂಜೆಗೇ ಒಳಗೆ ಮಾಡುವರು, ಅದು ಯುಕ್ತವೇ. ಆದರೆ ಬಾಗಿಲು ತೆರೆಯುವುದು ಬೆಳಗ್ಗೆ ಆರಕ್ಕೆ. ಹಗಲಿನಲ್ಲಿ ಮರಿಯು ಮೂತ್ರವನ್ನು ತಡೆದುಕೊಳ್ಳಬಲ್ಲ ಕಾಲವು ಅದರ ವಯಸ್ಸಿನ ತಿಂಗಳುಗಳಷ್ಟು ಗಂಟೆ, ಹೆಚ್ಚೆಂದರೆ ಅದಕ್ಕೆ ಒಂದು ಕೂಡಿಸಬಹುದು ಎಂಬುದು ಸ್ಥೂಲವಾದ ಲೆಕ್ಕ. ನಿದ್ದೆಯಲ್ಲಿ ತುಸು ಹೆಚ್ಚು ತಡೆಯಬಹುದಾದರೂ ಆರು ತಿಂಗಳ ಮರಿಯಿಂದ ಹನ್ನೆರಡು ಗಂಟೆಗಳ ಸಂಯಮವನ್ನು ನಿರೀಕ್ಷಿಸುವುದು ಅನ್ಯಾಯ. ಇದರ ಮೇಲೆ ರಾತ್ರಿ ಮನೆಯವರ ಊಟವಾದ ಬಳಿಕ ಉಳಿದ ಕುಚ್ಚಲಕ್ಕಿ ಗಂಜಿಯನ್ನು ತಿಳಿಸಹಿತ ನಾಯಿಯ ಬಟ್ಟಲಿಗೆ ಸುರಿಯುವ ರೂಢಿ. ಒಂಬತ್ತು ಗಂಟೆಗೆ ಒಂದು ಸೇರು ನೀರು ಕುಡಿಸಿ ಬಾಗಿಲು ಹಾಕಿದಂತಾಯಿತು. ಈ ಒಂದು ರೂಢಿಯನ್ನು ಬಿಟ್ಟರೆ ಎಷ್ಟೋ ಮನೆಗಳಲ್ಲಿ ರಾತ್ರಿಯ ಹೇಸಿಗೆಯ ಅರ್ಧಪಾಲು ನಿಲ್ಲುವುದು. ಗಂಜಿಯನ್ನು ಮಧ್ಯಾಹ್ನಕ್ಕಿಟ್ಟು, ರಾತ್ರಿಯ ಆಹಾರವನ್ನು ಗಟ್ಟಿಯಾಗಿ, ಸಂಜೆ ಆರರೊಳಗೆ ಕೊಡಬೇಕು. ಕುಡಿಯುವ ನೀರನ್ನು ಮಾತ್ರ ಹಗಲು ಎಂದಿಗೂ ತಡೆಯಬಾರದು.

ಹೊಡೆತದ ವಿಚಾರ

ನಾಯಿಯನ್ನು ಹೇಸಿಗೆಯ ಬಳಿಗೆ ಎಳೆತಂದು ಅದರ ಮೂಗನ್ನು ಉಜ್ಜಿ ಹೊಡೆಯುವ ಪದ್ಧತಿ ಹಳೆಯದು, ನಿಷ್ಪ್ರಯೋಜಕವೂ ಹೌದು. ಅರ್ಧ ಗಂಟೆಯ ಹಿಂದೆ ಮಾಡಿದ ಕೆಲಸಕ್ಕೂ ಈಗ ಬೀಳುವ ಪೆಟ್ಟಿಗೂ ಇರುವ ಸಂಬಂಧವನ್ನು ಅದು ಅರಿಯಲಾರದು. ‘ಹಾಗಾದರೆ ಯಜಮಾನನನ್ನು ಕಂಡೊಡನೆ ಕಿವಿ ಜೋಲಿಸಿ, ತಲೆ ತಗ್ಗಿಸಿ, ಕಳ್ಳನಂತೆ ಸರಿಯುವುದೇಕೆ? ತಪ್ಪು ತಿಳಿದಿರಬೇಕಲ್ಲವೆ?’ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನೇ ಪರೀಕ್ಷಿಸಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಅಮೇರಿಕದ ವಿದುಷಿಯು ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೧೪ ಸಾಕುನಾಯಿಗಳ ಮುಂದೆ ತಿನಿಸನ್ನಿಟ್ಟು, ತಿನ್ನಬಾರದೆಂದು ಹೇಳಿ ಯಜಮಾನರು ಹೊರಗೆ ಹೋಗುವುದು, ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಯಜಮಾನರಿಗೆ ಕೆಲವು ವೇಳೆ ನಿಜವಾಗಿಯೂ ಕೆಲವು ವೇಳೆ ಸುಳ್ಳಾಗಿಯೂ ತಿಳಿಸುವುದು, ಹೀಗೆ ಪರೀಕ್ಷೆ. ತಪ್ಪು ಮಾಡಿದ ನಾಯಿಗಳಲ್ಲಿ ಕಳ್ಳಮುಖ ಹೆಚ್ಚಾಗಿ ಕಂಡಿತೆ ಎಂದರೆ, ಇಲ್ಲ. ಗದರಿಸಲ್ಪಟ್ಟ ನಾಯಿಗಳಲ್ಲಿ ಅದು ಕಂಡಿತು, ಅವು ತಿನ್ನದೆ ಇದ್ದರೂ ಕಂಡಿತು. ಅಂದರೆ ಆ ಮುಖಭಾವವು ಯಜಮಾನನ ಕೋಪಕ್ಕೆ ತೋರುವ ಅಂಜಿಕೆಯೇ ಹೊರತು ಪಶ್ಚಾತ್ತಾಪವಲ್ಲ.

ಹೊಡೆಸಿಕೊಂಡ ನಾಯಿಯು ಕಲಿಯುವ ಪಾಠ ಒಂದೇ: ಮನುಷ್ಯರ ಕಣ್ಣೆದುರಿಗೆ ಮೂತ್ರ ಮಾಡಬಾರದು. ಆ ಮೇಲೆ ಅದನ್ನು ಅಂಗಳಕ್ಕೆ ಕರೆದೊಯ್ದು ಮಳೆಯಲ್ಲಿ ಅರ್ಧ ಗಂಟೆ ನಿಂತರೂ ಅದು ಏನನ್ನೂ ಮಾಡದು. ಒಳಗೆ ಬಂದು ಮಂಚದಡಿಗೆ ನುಸುಳಿ ಮಾಡುವುದು. ಮನೆಯವರು ಅದನ್ನು ಸೇಡೆನ್ನುವರು. ಇದು ಬೆತ್ತದ ಫಲ.

ಸಾರಿಸುವುದರಲ್ಲಿ ಒಂದು ತಪ್ಪು

ಹೇಸಿಗೆಯಾದ ಸ್ಥಳವನ್ನು ಸೆಗಣಿಯಿಂದ ಸಾರಿಸಿ ಗಂಜಲವನ್ನು ಚಿಮುಕಿಸುವುದು ಶುದ್ಧಿಯ ಸಂಪ್ರದಾಯ. ಅದರ ಧಾರ್ಮಿಕ ವಿಚಾರ ಇಲ್ಲಿ ಅಪ್ರಸ್ತುತ. ಆದರೆ ನಾಯಿಯ ಮೂಗಿಗೆ ಹಳಸಿದ ಗಂಜಲದ ಅಮೋನಿಯಾ ವಾಸನೆಯು ಇನ್ನೊಂದು ಪ್ರಾಣಿ ಇಲ್ಲಿ ಮೂತ್ರ ಮಾಡಿದೆ ಎಂಬ ಸೂಚನೆಯಾಗಿ, ಇದೇ ಯೋಗ್ಯಸ್ಥಳವೆಂದು ತೋರಬಹುದು. ಫಿನಾಯಿಲಾದರೋ ಮನುಷ್ಯನ ಮೂಗಿಗೆ ವಾಸನೆಯನ್ನು ಮುಚ್ಚುವುದು, ನಾಯಿಯ ಮೂಗಿಗಲ್ಲ. ಸಿಮೆಂಟು ಅಥವಾ ಹಂಚಿನ ನೆಲವಾದರೆ ಬಟ್ಟೆಯಿಂದ ಒರಸಿ, ಬಟ್ಟೆ ಒಗೆಯುವ ಪುಡಿಯ ನೀರಿನಿಂದ ತಿಕ್ಕಿ, ಎರಡು ಬಾರಿ ತಿಳಿನೀರಿನಿಂದ ತೊಳೆದು ಒಣಗಿಸಬೇಕು. ಎನ್‌ಜೈಮ್ ಬೆರೆತ ಪುಡಿ ಉತ್ತಮ. ಕೊಟ್ಟಿಗೆ ಪಡಸಾಲೆಗಳಲ್ಲಿ ಮಣ್ಣಿನ ನೆಲವಿದ್ದಲ್ಲಿ ತೊಳೆಯುವುದರಿಂದ ಪ್ರಯೋಜನವಿಲ್ಲ. ಮೂತ್ರ ಇಂಗಿದ ಮಣ್ಣನ್ನು ಒಂದಂಗುಲದಷ್ಟು ಕೆತ್ತಿ ತೆಗೆದು, ಹೊಸ ಮಣ್ಣು ತುಂಬಿ, ಮೆತ್ತಿ, ಒಣಗಿದ ಬಳಿಕವೇ ಸಾರಿಸತಕ್ಕದ್ದು. ಕೆತ್ತಿದ ಮಣ್ಣನ್ನು ಎಸೆಯಬಾರದು. ಅದರಿಂದ ಉಪಯೋಗವಿರುವುದನ್ನು ಮುಂದೆ ಹೇಳಲಾಗಿದೆ.

ಮೊದಲು ರೋಗವಿಲ್ಲವೆಂದು ಖಚಿತಮಾಡಿಕೊಳ್ಳುವುದು

ಸರಿಯಾಗಿ ನಡೆಯುತ್ತಿದ್ದ ನಾಯಿ ಒಮ್ಮೆಲೇ ತಪ್ಪತೊಡಗಿದರೆ ಪಶುವೈದ್ಯರಿಗೆ ತೋರಿಸುವುದು ಮೊದಲ ಕರ್ತವ್ಯ. ಗಳಿಗೆಗೊಮ್ಮೆ ಸ್ವಲ್ಪ ಸ್ವಲ್ಪವೇ ಮೂತ್ರ, ತಿಣುಕುವುದು, ಮೂತ್ರದಲ್ಲಿ ರಕ್ತ ಇವು ಮೂತ್ರಕೋಶದ ಬೇನೆಯ ಲಕ್ಷಣಗಳು. ಭೇದಿಯಾಗುತ್ತಿದ್ದರೆ ಜಂತುಬಾಧೆಯನ್ನು ಶಂಕಿಸಬೇಕು. ದುಂಡುಹುಳುಗಳು ತಾಯಿಯ ಗರ್ಭದಲ್ಲಿರುವಾಗಲೇ ಮರಿಗೆ ಬರುವವಾದ್ದರಿಂದ ಹುಟ್ಟಿದ ಎರಡನೆಯ ವಾರದಿಂದ ಮೂರು ತಿಂಗಳ ತನಕ ಪಕ್ಷಕ್ಕೊಮ್ಮೆಯೂ ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆಯೂ ಜಂತಿನ ಮದ್ದು ಹಾಕಿಸಬೇಕು.

ಮಳೆಗಾಲದಲ್ಲಿ ವಿಶೇಷವಾಗಿ ಭಯಪಡಬೇಕಾದುದು ಇಲಿಜ್ವರ. ಇದಕ್ಕೆ ಮುಖ್ಯ ಮೂಲ ಇಲಿಗಳೇ ಆದರೂ ಸೋಂಕು ತಗಲಿದ ನಾಯಿಯ ಮೂತ್ರದಲ್ಲಿಯೂ ರೋಗಾಣುಗಳು ತಿಂಗಳುಗಟ್ಟಲೆ ಹೊರಬೀಳಬಹುದು. ಆ ಮೂತ್ರವು ಮಳೆನೀರಿನೊಡನೆ ತೋಟದ ಕಣಿಗೆ ಹರಿದರೆ, ಬರಿಗಾಲಿನಲ್ಲಿ ನಿಂತು ದುಡಿಯುವ ಆಳಿನ ಕಾಲಿನ ಸಣ್ಣ ಗಾಯವೇ ರೋಗಕ್ಕೆ ಬಾಗಿಲು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಕಾಮಾಲೆ ಕಂಡರೆ ಮನೆಮದ್ದು ಮಾಡುತ್ತ ಕುಳಿತುಕೊಳ್ಳದೆ ಆಸ್ಪತ್ರೆಗೆ ಹೋಗಬೇಕು. ನಾಯಿಗೆ ಇಲಿಜ್ವರದ ಲಸಿಕೆಯುಂಟು. ಮೂರು ತಿಂಗಳು ತುಂಬಿದಾಗ ಕೊಡಿಸುವ ಹುಚ್ಚುನಾಯಿ ರೋಗದ ಲಸಿಕೆಯ ಸಂಗಡ ಅದರ ವಿಚಾರವನ್ನೂ ವೈದ್ಯರಲ್ಲಿ ಕೇಳತಕ್ಕದ್ದು. ನಾಯಿಯು ಶೌಚದ ಅಭ್ಯಾಸವನ್ನು ಮಾತ್ರವಲ್ಲದೆ ಸ್ವಭಾವವನ್ನೇ ಬದಲಿಸಿ, ಕತ್ತಲೆಯಲ್ಲಿ ಅಡಗಿ, ಜೊಲ್ಲು ಸುರಿಸಿ, ಸ್ವರ ಒಡೆದು ಬೊಗಳಿದರೆ ಅದರ ಹತ್ತಿರ ಯಾರನ್ನೂ ಬಿಡಕೂಡದು. ಕಚ್ಚಿದಲ್ಲಿ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಹದಿನೈದು ದಿನಗಳ ಪುನರಭ್ಯಾಸ

ರೋಗವಿಲ್ಲವೆಂದು ತಿಳಿದ ಮೇಲೆ ಮಾಡತಕ್ಕದ್ದು ಇಷ್ಟೆ: ಮರಿಯನ್ನು ನಿನ್ನೆ ಮನೆಗೆ ತಂದಂತೆ ಭಾವಿಸಿ, ಮೊದಲನೆಯ ದಿನದಿಂದ ಆರಂಭಿಸುವುದು. ಮರೆತ ಪಾಠವು ಎರಡನೆಯ ಸಲ ಬೇಗನೆ ಬರುವುದು.

ಪ್ರಥಮತಃ ಅದಕ್ಕೆ ಮಳೆಗಾಲದ ಶೌಚಸ್ಥಳವನ್ನು ಒದಗಿಸಬೇಕು. ಕೊಟ್ಟಿಗೆಯ ಹಿಂಬದಿಯಲ್ಲಿ, ಬಾವಿಯಿಂದಲೂ ಅಡಿಗೆಮನೆಯಿಂದಲೂ ದೂರವಾಗಿ, ಹರಿಯುವ ನೀರು ನುಗ್ಗದ ಎಡೆಯಲ್ಲಿ ನಾಲ್ಕಡಿ ಉದ್ದ ಮೂರಡಿ ಅಗಲದ ಜಾಗವನ್ನು ಅಡಿಕೆಮರದ ಸೀಳುಗಳಿಂದ ಕಟ್ಟಿ, ಅರ್ಧ ಅಡಿ ಮಣ್ಣು ತುಂಬಿ, ಮೇಲೆ ಮಡಲಿನದೋ ತಗಡಿನದೋ ಮಾಡು ಇಳಿಸಬೇಕು. ಮಣ್ಣು ಎಲ್ಲಿಯದು? ಮೇ ತಿಂಗಳ ಕೊನೆಗೆ, ನಾಯಿಯು ಬಿಸಿಲುಕಾಲದಲ್ಲಿ ಹೋಗುತ್ತಿದ್ದ ಅಂಗಳದ ಅಂಚಿನಿಂದಲೇ ನಾಲ್ಕೈದು ಬುಟ್ಟಿ ಒಣಮಣ್ಣನ್ನು ತೆಗೆದಿರಿಸಿಕೊಂಡರೆ ಅದಕ್ಕೆ ಮಿಗಿಲಾದುದಿಲ್ಲ. ಕಾಲಿಗೂ ಮೂಗಿಗೂ ಪರಿಚಿತವಾದ ಮಣ್ಣು ಅದು. ಹಾಗೆ ತೆಗೆದಿರಿಸದವರು ಹೊಳೆಯ ಮರಳಿಗೆ, ಒಳಗೆ ಹೇಸಿಗೆ ಮಾಡಿದಲ್ಲಿಂದ ಕೆತ್ತಿದ ಮಣ್ಣನ್ನೋ ಒರಸಿದ ಬಟ್ಟೆಯನ್ನೋ ಬೆರಸಿ ಹೂಳಬೇಕು.

ಎರಡನೆಯದಾಗಿ, ಹದಿನೈದು ದಿನಗಳ ತನಕ ಮರಿಯು ಕಣ್ಣಿಗೆ ಮರೆಯಾಗಿ ಮನೆಯೊಳಗೆ ತಿರುಗಕೂಡದು. ಯಾರಾದರೊಬ್ಬರು ನೋಡುತ್ತಿರಬೇಕು, ಆಗದಿದ್ದರೆ ಮಲಗಲೂ ತಿರುಗಲೂ ಸಾಕಾಗುವಷ್ಟೇ ದೊಡ್ಡದಾದ, ಒಣಗಿದ ಗೂಡಿನಲ್ಲಿರಬೇಕು. ತಾನು ಮಲಗುವಲ್ಲಿ ನಾಯಿ ಸಾಮಾನ್ಯವಾಗಿ ಹೇಸಿಗೆ ಮಾಡುವುದಿಲ್ಲ. ಆದರೆ ಗೂಡಿನಲ್ಲಿ ಅದನ್ನು ಗಂಟೆಗಟ್ಟಲೆ ಮರೆತರೆ ಈ ಗುಣವೂ ಕೆಡುವುದು.

ಎದ್ದೊಡನೆ, ಉಣಿಸಿದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ, ಆಟವಾದೊಡನೆ, ಹಗಲು ಮೂರು ಗಂಟೆಗೊಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ, ನಸುಕಿನಲ್ಲಿ ಒಮ್ಮೆ, ಹಗ್ಗ ಹಾಕಿಕೊಂಡು ಆ ಮಾಡಿನಡಿಗೆ ಒಯ್ಯಬೇಕು. ರಾತ್ರಿ ದೀಪವೂ ಜೊತೆಯೂ ಇರಲಿ. ಮರಿಯನ್ನು ಒಂಟಿಯಾಗಿ ಬಿಡಬಾರದು. ಐದು ನಿಮಿಷ ಮಾತನಾಡದೆ ನಿಲ್ಲಬೇಕು. ಕೆಲಸವಾದೊಡನೆ, ಅಲ್ಲಿಯೇ, ಮೆಚ್ಚುಮಾತೂ ದೋಸೆಯ ಚೂರೂ ಸಿಕ್ಕಬೇಕು. ಒಳಗೆ ಬಂದಮೇಲೆ ಕೊಟ್ಟರೆ ಅದು ಒಳಗೆ ಬಂದುದಕ್ಕೆ ಸಿಕ್ಕ ಬಹುಮಾನವಾಗುವುದು. ಐದು ನಿಮಿಷದಲ್ಲಿ ಏನೂ ಮಾಡದಿದ್ದರೆ ಒಳಗೆ ತಂದು ಹಗ್ಗ ಬಿಚ್ಚದೆ ಬಳಿಯಲ್ಲಿರಿಸಿಕೊಂಡು, ಹತ್ತು ನಿಮಿಷದ ಮೇಲೆ ಪುನಃ ಒಯ್ಯುವುದು. ಒಳಗೆ ಮಾಡತೊಡಗಿದುದನ್ನು ಕಣ್ಣಾರೆ ಕಂಡರೆ ಚಪ್ಪಾಳೆ ತಟ್ಟಿ ತಡೆದು ಎತ್ತಿಕೊಂಡು ಹೋಗಬಹುದು. ಆಗಿಹೋದ ಮೇಲೆ ಕಂಡರೆ ಸುಮ್ಮನೆ ತೊಳೆಯುವುದೇ ಸರಿ.

ಈ ಊರಿನ ಮನೆಗಳಲ್ಲಿ ಭಾಷೆಯ ತೊಡಕೊಂದುಂಟು. ಯಜಮಾನರು ಕನ್ನಡದಲ್ಲಿ ‘ಹೊರಗೆ’ ಎಂದರೆ, ಆಳುಗಳು ತುಳುವಿನಲ್ಲಿ ‘ಪಿದಾಯಿ’ ಎನ್ನುವರು. ಅಜ್ಜಿ ಚಿತ್ಪಾವನಿಯಲ್ಲಿ ಮತ್ತೊಂದನ್ನು ಹೇಳುವರು. ಶಾಲೆಗೆ ಹೋಗುವ ಮಗುವಿನದು ಇಂಗ್ಲಿಷು. ಮನುಷ್ಯರಿಗೆ ಇದು ಸಂಪತ್ತು, ಮರಿಗೆ ಗೊಂದಲ. ಯಾವ ಮಾತಾದರೂ ಆಗಲಿ, ಒಂದೇ ಮಾತನ್ನು ಎಲ್ಲರೂ ಹೇಳುವಂತೆ ಮನೆಯ ಯಜಮಾನರು ಕಟ್ಟುಮಾಡಬೇಕು.

ಆ ಮಾಡಿನಡಿಯ ಮಲವನ್ನು ದಿನವೂ ತೆಗೆದು ಹೂಳಬೇಕು. ಅದನ್ನು ಗೊಬ್ಬರದ ಗುಂಡಿಗೆ ಸೇರಿಸಬಾರದು. ದುಂಡುಹುಳುಗಳ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿದ್ದು ತರಕಾರಿಯ ಮೂಲಕವೂ ಮಣ್ಣಾಟದ ಮೂಲಕವೂ ಮಕ್ಕಳ ಹೊಟ್ಟೆಯನ್ನು ಸೇರುವವು.

ತಪ್ಪೆಂದು ಎಣಿಸಬಾರದ ಕೆಲವು

ಯಜಮಾನನು ಪೇಟೆಯಿಂದ ಬಂದಾಗ ಮರಿಯು ಬಾಲವಾಡಿಸುತ್ತ ನೆಲಕ್ಕೆ ಕುಗ್ಗಿ ಎರಡು ಹನಿ ಮೂತ್ರ ಬಿಡುವುದು ವಿಧೇಯತೆಯ ಗುರುತು. ಗದರಿಸಿದಷ್ಟೂ ಹೆಚ್ಚುವುದು, ಲಕ್ಷಿಸದಿದ್ದರೆ ಪ್ರಾಯ ಬಂದಂತೆ ನಿಲ್ಲುವುದು. ಆರು ತಿಂಗಳು ಕಳೆದ ಗಂಡುನಾಯಿ ಕಂಬಕ್ಕೆ ಕಾಲೆತ್ತುವುದು ತನ್ನ ಎಲ್ಲೆಯನ್ನು ಗುರುತಿಸುವುದಕ್ಕೆ. ಬೀಜ ತೆಗೆಸಿದರೆ ಅನೇಕ ನಾಯಿಗಳಲ್ಲಿ ಕಡಮೆಯಾಗುವುದು. ಹೆಣ್ಣುನಾಯಿ ಬೆದೆಗೆ ಬರುವ ದಿನಗಳಲ್ಲಿ ಪದೇ ಪದೇ ಮೂತ್ರ ಮಾಡುವುದು. ಸಿಡಿಲು, ದೀಪಾವಳಿಯ ಪಟಾಕಿ, ನೇಮದ ಕದಿನ ಇವುಗಳಿಂದ ಬೆದರಿದ ನಾಯಿಯೂ ಒಳಗೆ ಮಾಡೀತು. ಹೊಸ ಸ್ಥಳವೂ ಹಾಗೆಯೇ. ೨೦೧೯ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ ಚಾರ್ಮಾಡಿ ಮುಂಡಾಜೆಗಳ ಕಡೆಯ ತೋಟಗಳಿಗೆ ನುಗ್ಗಿದಾಗಿನಂತೆ ಮನೆಬಿಟ್ಟು ಬಂಧುಗಳಲ್ಲಿಗೆ ಹೋಗಬೇಕಾದ ಸಂದರ್ಭದಲ್ಲಿ ನಾಯಿಯ ನಡತೆ ಕೆಟ್ಟರೆ ಆಶ್ಚರ್ಯವೇನು? ಮನುಷ್ಯರದೇ ಊಟ ನಿದ್ದೆ ತಪ್ಪಿರುತ್ತದೆ.

ಎರಡು ವಾರ ಒಂದೂ ತಪ್ಪಿಲ್ಲದೆ ಕಳೆದರೆ ಮೊದಲು ಜಗಲಿ, ಒಂದು ವಾರದ ಮೇಲೆ ಚಾವಡಿ, ಹೀಗೆ ಸ್ವಲ್ಪ ಸ್ವಲ್ಪವೇ ಸ್ವಾತಂತ್ರ್ಯವನ್ನು ಹೆಚ್ಚಿಸಬಹುದು. ನಡುವೆ ಒಂದು ದಿನ ತಪ್ಪಿದರೆ ಹಿಂದಿನ ಮೆಟ್ಟಿಲಿಗೆ ಇಳಿಯುವುದು; ಪೂರ್ತಿ ಮೊದಲಿನಿಂದ ಆರಂಭಿಸಬೇಕಾಗಿಲ್ಲ.

ಸೆಪ್ಟೆಂಬರಿನಲ್ಲಿ ಮಳೆ ತೆಳುವಾದೊಡನೆ ಇನ್ನೊಂದು ಕೆಲಸವಿದೆ. ಆ ಮಾಡಿನಡಿಯ ಮಣ್ಣಿಗೆ ಒಗ್ಗಿದ ನಾಯಿಯು, ಅಂಗಳ ಒಣಗಿದಾಗ ಪುನಃ ಅಂಗಳದ ಅಂಚನ್ನೇ ಹುಡುಕಬಹುದು. ಅಡಿಕೆಯನ್ನು ಒಣಹಾಕುವುದಾದರೋ ಅಲ್ಲಿಯೇ. ಆದುದರಿಂದ ಅಂಗಳವನ್ನು ಕೆತ್ತಿ ಸಾರಿಸುವ ಮೊದಲೇ, ಮಾಡಿನಡಿಯ ಮಣ್ಣಿನಿಂದ ಒಂದು ಬುಟ್ಟಿಯನ್ನು ದಿನಕ್ಕೆ ಎರಡು ಮೂರಡಿಯಂತೆ ತೋಟದ ಬದಿಗೆ ಸರಿಸಿ ಹರಡುತ್ತ, ನಾಯಿಯನ್ನು ಅದರ ಬಳಿಗೇ ಒಯ್ಯುತ್ತಿರಬೇಕು. ಮೂವತ್ತು ಅಡಿ ದೂರದ ಬೇಲಿಯ ಬುಡವನ್ನು ಮುಟ್ಟಲು ಸುಮಾರು ಹನ್ನೆರಡು ದಿನ ಹಿಡಿಯುವುದು. ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬೀಳುವ ಮುಂಚೆ ಈ ಕೆಲಸ ಮುಗಿದಿರಬೇಕು.